ಬಾದಶಹರ ಕೋಣೆಯಲ್ಲಿ ಅತ್ತೆಯ ಎಮ್ಮೆ

ಕೋಟೆಯ ಇತಿಹಾಸ ಹೇಳಲು ಓದಿದವರು ಬೇಕಾದಷ್ಟಿದ್ದಾರೆ. ಅದರೊಳಗೆ ಹೊಕ್ಕ ಒಂದು ಎಮ್ಮೆಯ ಕತೆ ಹೇಳಹೊರಟಿದ್ದಕ್ಕೆ ಬಲ್ಲವರು ಕ್ಷಮಿಸಬೇಕು, ತಪ್ಪಿದ್ದರೆ ತಿದ್ದಬೇಕು.

ಎಪ್ಪತ್ತೆರಡರ ಬರದಲ್ಲಿ ಭಾತಂಬ್ರಾದ ಅರ್ಧ ಊರು ಮುಂಬಯಿಗೆ ದುಡಿಯಲು ಹೋಯಿತು. ಹಾವಗೆಪ್ಪ ಹೋಗಲಿಲ್ಲ. ಅವನಿಗೆ ಬೀದರ ಕೋಟೆಯ ಕಾವಲು ಕೆಲಸ ಸಿಕ್ಕಿತ್ತು, ಅದೂ ಹಂಗಾಮಿ. ಬಹಮನಿ ಬಾದಶಹರು ಕೆಂಪು ಬಂಡೆ ಕಡಿಸಿ ಮೂರು ಸಾಲು ಕಂದಕ ತೋಡಿಸಿದ್ದು ಶತ್ರು ಒಳಗೆ ಬಾರದಿರಲೆಂದು. ಸರಕಾರ ಹಾವಗೆಪ್ಪನನ್ನು ಇಟ್ಟಿದ್ದು ದನ ಒಳಗೆ ಬಾರದಿರಲೆಂದು. ಒಂದು ದನ ಕಂಡರೂ ಕೆಲಸ ಬಿಡಿಸಿ ಮನೆಗೆ ಕಳಿಸುತ್ತೇನೆಂದು ಮೈಸೂರು ಕಡೆಯ ಸಾಹೇಬರು ಮೊದಲೇ ಹೇಳಿದ್ದರು.

ಬಂದದ್ದು ಅತ್ತೆಯ ಎಮ್ಮೆ. ಊರ ಬಾವಿ ಬತ್ತಿತೆಂದು ಅತ್ತೆ ಸುಮಿತ್ರಾಬಾಯಿ ಅದನ್ನು ಹೊಡೆದುಕೊಂಡು ನಡೆದೇ ಬಂದಿದ್ದರು. ಹಾವಗೆಪ್ಪ ಇನ್ನೊಂದು ಬಾಗಿಲಲ್ಲಿದ್ದಾಗ ಒಳಗೆ ಹೊಕ್ಕು, ಮಹಲಿನ ಒಂದು ಕೋಣೆಯಲ್ಲಿ ಎಮ್ಮೆ ಕಟ್ಟಿ, ಗೋಡೆಗೆ ಸಗಣಿಯ ಕುಳ್ಳು ತಟ್ಟತೊಡಗಿದರು.

ತಿರುಗಿ ಬಂದು ನೋಡಿದರೂ ಹೊರಗೆ ಹೋಗಿರೆಂದು ಅವನು ಹೇಳುವಂತಿರಲಿಲ್ಲ. ಅವರ ಮನೆತನದಲ್ಲಿ ಅತ್ತೆ, ಅಳಿಯ ಎದುರುಬದುರು ಮಾತಾಡುವ ಪದ್ಧತಿಯಿಲ್ಲ. ಮನೆಯಲ್ಲಾದರೆ ಹೆಂಡತಿ ಕಸ್ತೂರಿಬಾಯಿ ನಡುವೆ ನಿಂತು ಮಾತು ದಾಟಿಸುತ್ತಿದ್ದಳು. ಈಗ ಅವಳು ಊರಾಚೆ ನೌಬಾದದ ಬಾಡಿಗೆ ಮನೆಯಲ್ಲಿದ್ದಳು. ಹಾವಗೆಪ್ಪ ಎಮ್ಮೆಯ ಕಡೆ ಮುಖ ಮಾಡಿದ.

“ಎಮ್ಮಿ, ಸಾಹೇಬ್ರು ಬಂದ್ರ ನನ್ನ ನೌಕ್ರಿ ಹೋಗ್ತದ. ಹೊರಗ ನಡಿ.”

ಸುಮಿತ್ರಾಬಾಯಿ ಸೆರಗು ಮುಂದೆಳೆದುಕೊಂಡು ಅದೇ ಎಮ್ಮೆಗೆ ಹೇಳಿದರು: “ಎಮ್ಮಿ, ಇಷ್ಟು ದೊಡ್ಡ ಮನಿಯಾಗ ಒಬ್ಬ ಬಾದಶಹನೂ ಇಲ್ಲ. ನೀ ಇದ್ರ ಯಾರಿಗಿ ಏನ್ ತ್ರಾಸ ಅಂತ ಕೇಳು.”

ಅಷ್ಟರಲ್ಲಿ ಸಾಹೇಬರೇ ಬಂದರು.

“ಯಾರದಪ್ಪ ಈ ಎಮ್ಮೆ?”

“ನಮ್ಮ ಅತ್ತಿಯವರದ್ರಿ.”

“ಹೊರಗೆ ಹೊಡೆಯೋಕೆ ಹೇಳು.”

“ಹೇಳ್ದೆನ್ರಿ, ಎಮ್ಮಿಗಿ.”

“ಎಮ್ಮೆಗಲ್ಲ, ಅವರಿಗೆ.”

“ಅವ್ರ ಕೂಡ ನಾ ಮಾತಾಡಂಗಿಲ್ರಿ.”

ಸಾಹೇಬರು ತಾವೇ ಸುಮಿತ್ರಾಬಾಯಿಯತ್ತ ತಿರುಗಿದರು. ಅವರು ಇನ್ನಷ್ಟು ಸೆರಗು ಎಳೆದುಕೊಂಡರು. “ಎಮ್ಮಿ, ಅಳಿಯನ ಸಾಹೇಬ್ರಂದ್ರ ಅಳಿಯನಂಗೇ. ನಾ ಮಾತಾಡಿದ್ರ ಛಂದಲ್ಲ.”

ಸಾಹೇಬರು ಬೆವರು ಒರೆಸಿಕೊಂಡರು. ಬೇರೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಎಮ್ಮೆಯ ಕಡೆ ಬಾಗಿದರು.

“ಎಮ್ಮೆ, ನೀನು ಈಗಲೇ ಹೋಗದಿದ್ದರೆ ನಾಳೆ ಇವನು ಮುಂಬಯಿಗೆ ಹೋಗಬೇಕಾಗುತ್ತೆ. ಅವರ ಮಗಳೂ ಜೊತೆಗೆ.”

ಸಗಣಿ ಹಿಡಿದ ಕೈ ಅಲ್ಲೇ ನಿಂತಿತು. ಸೆರಗು ಹೆಗಲಿಗೆ ಬಿತ್ತು.

“ಅಳಿಯಾರ, ಬಾಯಿ ತೆರ್ಕೊಂಡು ಏನ್ ನೋಡ್ತೀರಿ? ಹಿಂದಿಂದ ನೂಕ್ರಿ.”

ಅತ್ತೆ ಅವನೊಡನೆ ಆಡಿದ ಮೊದಲ ಮಾತು ಅದು. ಹಾವಗೆಪ್ಪ ನೂಕಿದ. ಎಮ್ಮೆ ಬಾಗಿಲಲ್ಲಿ ಅಡ್ಡ ನಿಂತಾಗ ಸಾಹೇಬರೂ ಕೈಹಚ್ಚಿದರು.

ಕೆಲಸ ಉಳಿಯಿತು. ಸಾಹೇಬರು ಯಾಕೆ ತೆಗೆದುಹಾಕಲಿಲ್ಲವೋ ಗೊತ್ತಿಲ್ಲ. ಹಾವಗೆಪ್ಪ ಕೇಳಲೂ ಇಲ್ಲ.