ತಡೆದಿಟ್ಟ ಸುದ್ದಿ

ಠಾಣೆ ಪಟ್ಟಣದ ವರ್ತಕ ನಗರದ ಆ ಮನೆಗೆ ದಾನಮ್ಮ ಕೆಲಸಕ್ಕೆ ಸೇರಿದಾಗ ಮನೆಯ ಮಗಳು ಮಾನಸಿ ಇನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ಆಮೇಲೆ ತನುಷ್ ಹುಟ್ಟಿದ. ಅವನಿಗೆ ಎರಡು ತುಂಬುವ ಹೊತ್ತಿಗೆ ದಾನಮ್ಮನ ಕೈತುತ್ತಿಲ್ಲದೆ ಊಟವಿಲ್ಲ, ಅವಳ ಮಗ್ಗುಲಿಲ್ಲದೆ ನಿದ್ದೆಯಿಲ್ಲ ಎಂಬಂತಾಗಿತ್ತು. ಹಾಗಾಗಿ ೨೦೧೫ರ ಬೇಸಿಗೆ ರಜೆಗೆ ವಿಶಾಲ್ ಮತ್ತು ರಮಿತಾ ಮಕ್ಕಳನ್ನು ಕರೆದುಕೊಂಡು ಆಸ್ಟ್ರೇಲಿಯಾ ಸುತ್ತುವುದೆಂದು ತೀರ್ಮಾನಿಸಿದಾಗ, ದಾನಮ್ಮನೂ ಬರಬೇಕೆಂಬ ಮಾತು ತಾನಾಗಿಯೇ ಬಂತು.

"ನೀನಿಲ್ಲದೆ ಇವನನ್ನು ಕಟ್ಟಿಕೊಂಡು ಹೋದ್ರೆ ನಾನು ಅರ್ಧ ದಾರಿಯಿಂದ ವಾಪಸ್ ಬರಬೇಕಾದೀತು ಮಾರಾಯ್ತಿ," ಎಂದಳು ರಮಿತಾ. ಅವಳ ತವರು ಉಡುಪಿ ಕಡೆ. ಗಂಡನಿಗೆ ಠಾಣೆಯಲ್ಲಿ ಎರಡು ಹೋಟೆಲುಗಳಿದ್ದವು.

ದಾನಮ್ಮ ಇಂಡಿ ಕಡೆಯವಳು. ಗಂಡ ಶಿವರಾಯ ವಾಗ್ಳೆ ಎಸ್ಟೇಟಿನ ಗೋದಾಮೊಂದರಲ್ಲಿ ಹಮಾಲಿ. ಕೋಪರಿಯ ಚಾಳಿನಲ್ಲಿ ಒಂದು ಖೋಲಿ, ಹತ್ತು ವರ್ಷದ ಮಗಳು ಸುಗಲಾ. ಮಗಳನ್ನು ನೋಡಿಕೊಳ್ಳಲು ಊರಿನಿಂದ ತಾಯಿ ಚಂದವ್ವನನ್ನು ಕರೆಸಬೇಕಾಯಿತು. ಮುದುಕಿಗೆ ದಮ್ಮು ಇತ್ತು. ಚಾಳಿನ ಮೆಟ್ಟಿಲು ಹತ್ತಿ ಬಂದವಳು ಹೊಸ್ತಿಲ ಬಳಿಯೇ ಕೂತು ಬಹಳ ಹೊತ್ತು ಉಸಿರು ಎಳೆದುಕೊಂಡಳು.

"ಬ್ಯಾಡ ಬಿಡಬೇ, ನಾ ಹೋಗಂಗಿಲ್ಲ," ಎಂದಳು ದಾನಮ್ಮ.

"ಹುಚ್ಚೀ, ವಿಮಾನ ಹತ್ತೋದು ನಮ್ಮ ವಂಶದಾಗ ಯಾರಿಗಿ ಬಂದಾದ? ಹೋಗಿ ಬಾ. ಕೂಸಿನ್ನ ನಾ ನೋಡ್ಕೋತೀನಿ."

ಅಡಿಲೇಡ್ ಎಂಬ ಊರಿನಲ್ಲಿ ವಿಶಾಲ್ ಒಂದು ದೊಡ್ಡ ಕಾರನ್ನೂ ಅದರ ಹಿಂದೆ ಜೋಡಿಸುವ ಕ್ಯಾರವಾನನ್ನೂ ಬಾಡಿಗೆಗೆ ಪಡೆದ. ದಾನಮ್ಮ ಬಾಗಿಲು ತೆಗೆದು ನೋಡಿದಳು. ಒಳಗೆ ಒಲೆ, ಫ್ರಿಜ್, ಕೈ ತೊಳೆಯುವ ತೊಟ್ಟಿ, ಒಂದರ ಮೇಲೊಂದು ಮಕ್ಕಳ ಹಾಸಿಗೆ. ಊಟದ ಮೇಜನ್ನು ಕೆಳಗಿಳಿಸಿ ಮೇಲೊಂದು ಗಾದಿ ಹಾಕಿದರೆ ಅವಳಿಗೂ ತನುಷ್‌ನಿಗೂ ಮಲಗುವ ಜಾಗ. ಕೋಪರಿಯ ತನ್ನ ಖೋಲಿಗೇ ಗಾಲಿ ಹಚ್ಚಿದಂತಿದೆ ಎಂದು ಅವಳಿಗೆ ನಗು ಬಂತು. ಅದನ್ನು ಫೋನಿನಲ್ಲಿ ತಾಯಿಗೆ ಹೇಳಿದಳು. ಅವಳ ಫೋನು ಅಲ್ಲಿ ನಡೆಯುತ್ತಿರಲಿಲ್ಲ. ವಿಶಾಲನ ಫೋನಿನಲ್ಲೇ ಮಾತಾಡಬೇಕು. ಮೊದಲ ಎರಡು ಊರುಗಳಿಂದ ಮಾತಾಡಿದಳು. ಚಂದವ್ವನ ದನಿ ಚೆನ್ನಾಗಿಯೇ ಇತ್ತು. ಸುಗಲಾ, "ಕಾಂಗಾರೂ ದೇಖಾ ಕ್ಯಾ?" ಎಂದು ಹಿಂದಿಯಲ್ಲಿ, ಕಾಂಗಾರೂ ನೋಡಿದೆಯಾ ಎಂದು ಕೇಳಿದಳು.

ಉತ್ತರಕ್ಕೆ ಹೋದಂತೆ ಊರುಗಳು ವಿರಳವಾದವು. ದಿನವಿಡೀ ಒಂದೇ ರಸ್ತೆ, ಎರಡೂ ಕಡೆ ಕೆಂಪು ಮಣ್ಣು, ಮೊಣಕಾಲೆತ್ತರದ ಕುರುಚಲು. ಮಾನಸಿ ಕಿಟಕಿಗೆ ಹಣೆಯೊತ್ತಿ ಬೇಸತ್ತು ಕೂರುತ್ತಿದ್ದಳು. ತನುಷ್ ದಾನಮ್ಮನ ತೋಳಿಗೆ ಒರಗಿ ನಿದ್ರಿಸುತ್ತಿದ್ದ. ಕೂಬರ್ ಪೀಡಿ ಎಂಬ ಗಣಿ ಊರನ್ನು ತಲುಪಿ ಎರಡು ದಿನ ನಿಂತರು. ಬಿಸಿಲಿನ ಝಳಕ್ಕೆ ಹೆದರಿ ಅಲ್ಲಿನ ಜನ ನೆಲದೊಳಗೆ ಮನೆ ಕೊರೆದುಕೊಂಡಿದ್ದರು.

ಎರಡನೆಯ ದಿನ ಬೆಳಗ್ಗೆ ದಾನಮ್ಮ ಮಕ್ಕಳನ್ನು ಅಂಥ ಒಂದು ಮನೆ ತೋರಿಸಲು ಕರೆದೊಯ್ದಿದ್ದಾಗ ವಿಶಾಲನ ಫೋನು ರಿಂಗಣಿಸಿತು. ಠಾಣೆಯ ಹೋಟೆಲಿನ ಮ್ಯಾನೇಜರ್ ತಾರಾನಾಥ. ಶಿವರಾಯ ಹೋಟೆಲಿನ ಬಾಗಿಲಿಗೆ ಬಂದು ನಿಂತಿದ್ದಾನೆ, ದಾನಮ್ಮನ ತಾಯಿ ನಸುಕಿನಲ್ಲಿ ತೀರಿಕೊಂಡಿದ್ದಾಳೆ, ಹೆಣವನ್ನು ಊರಿಗೆ ಒಯ್ಯಬೇಕಂತೆ ಎಂದ.

ವಿಶಾಲ್ ಕೆಟ್ಟವನಲ್ಲ. ತಕ್ಷಣ ಹೋಟೆಲಿನ ಟೆಂಪೊ ಕೊಡಲು ಹೇಳಿದ, ಜೊತೆಗೆ ಇಬ್ಬರು ಹುಡುಗರನ್ನು ಕಳಿಸಲು ಹೇಳಿದ. "ದಾನಮ್ಮನಿಗೆ ನಾವು ಹೇಳ್ತೇವೆ ಅಂತ ಅವನಿಗೆ ಹೇಳು," ಎಂದ. ಫೋನಿಟ್ಟ ಮೇಲೆ ರಮಿತಾಳ ಮುಖ ನೋಡಿದ.

"ಹೇಳುದಾ?" ಎಂದಳು ರಮಿತಾ.

"ಹೇಳಿ ಏನು ಮಾಡುದು? ಇಲ್ಲಿಂದ ಏರ್‌ಪೋರ್ಟಿಗೆ ಒಂದು ದಿನದ ದಾರಿ. ಒಬ್ಬಳನ್ನೇ ಕಳಿಸ್ಲಿಕ್ಕೆ ಆಗ್ತದಾ? ನಾವೆಲ್ಲ ತಿರುಗಿ ಹೋದ್ರೂ ಅವಳು ಊರು ಮುಟ್ಟುವಾಗ ಎಲ್ಲ ಮುಗಿದಿರ್ತದೆ. ನಾಳೆ ಮಾನಸಿ ಬರ್ತ್‌ಡೇ ಬೇರೆ."

"ಗೊತ್ತಾದ್ರೆ?"

"ವಾಪಸ್ ಹೊರಡುವಾಗ ನಾನೇ ಹೇಳ್ತೇನೆ."

ರಮಿತಾ ಮತ್ತೆ ವಾದ ಮಾಡಲಿಲ್ಲ. ಅಂದಿನಿಂದ ಅವಳು ದಾನಮ್ಮನ ಮೇಲೆ ಇಲ್ಲದ ಅಕ್ಕರೆ ತೋರಿಸತೊಡಗಿದಳು. ತನ್ನ ಉಣ್ಣೆಯ ಸ್ವೆಟರ್ ಕೊಟ್ಟಳು. ಮಕ್ಕಳ ನಡುವೆ ತಾನು ಕೂತು, ದಾನಮ್ಮನನ್ನು ಮುಂದಿನ ಸೀಟಿಗೆ ಕಳಿಸಿದಳು. ಅವಳ ಕೈಯಿಂದ ಎಂಜಲು ತಟ್ಟೆ ಕಸಿದುಕೊಂಡು ತಾನೇ ತೊಳೆದಳು.

"ಯಾಕರಿ ವೈನಿ, ನನ್ನಿಂದ ಏನರ ತಪ್ಪಾತೇನು?" ಎಂದು ದಾನಮ್ಮ ಕೇಳಿದಳು.

"ಇಲ್ಲಪ್ಪ. ನೀನೂ ಟೂರಿಗೆ ಬಂದದ್ದಲ್ವಾ? ಸ್ವಲ್ಪ ಆರಾಮ ಮಾಡು."

ಮರುದಿನ ದಾರಿ ಬದಿಯ ತಂಗುದಾಣದಲ್ಲಿ ಮಾನಸಿಯ ಹುಟ್ಟುಹಬ್ಬ. ಕೇಕು ಸಿಗಲಿಲ್ಲ. ಠಾಣೆಯಿಂದ ತಂದಿದ್ದ ರವೆಯಲ್ಲಿ ದಾನಮ್ಮ ಶಿರಾ ಮಾಡಿದಳು. ಕ್ಯಾರವಾನಿನ ಪುಟ್ಟ ಒಲೆಯ ಮುಂದೆ ನಿಂತು ರವೆ ಹುರಿಯುವ ಹೊತ್ತಿಗೆ, ಇಂಡಿಯ ಆಚೆಯ ಹಳ್ಳಿಯಲ್ಲಿ ಚಂದವ್ವನನ್ನು ಮಣ್ಣು ಮಾಡುತ್ತಿದ್ದರು. ಮಾನಸಿ ಮೊದಲ ತುತ್ತನ್ನು ದಾನಮ್ಮನ ಬಾಯಿಗಿಟ್ಟಳು. ದಾನಮ್ಮ ತಿಂದಳು, ಸಕ್ಕರೆ ಹದವಾಗಿದೆ ಎಂದಳು.

ಸಂಜೆ ಮನೆಗೆ ಫೋನ್ ಹಚ್ಚಿಕೊಡಿ ಎಂದು ಕೇಳಿದಾಗ ಸಿಗ್ನಲ್ ಇಲ್ಲ ಎಂಬ ಉತ್ತರ ಬಂತು. ಅಲ್ಲಿ ನಿಜಕ್ಕೂ ಇರಲಿಲ್ಲ. ಮುಂದಿನ ಊರಿನಲ್ಲಿತ್ತು. ಅಲ್ಲಿಯೂ ಅದೇ ಉತ್ತರ ಬಂತು.

ಬಯಲಿನ ನಡುವೆ ಒಂಟಿಯಾಗಿ ನಿಂತ ಉಲುರು ಎಂಬ ಭಾರೀ ಬಂಡೆಯನ್ನು ಸೂರ್ಯ ಮುಳುಗುವಾಗ ನೋಡಿದರು. ಬಂಡೆ ಕೆಂಡದ ಬಣ್ಣಕ್ಕೆ ತಿರುಗಿತು. ತನುಷ್ ದಾನಮ್ಮನ ಹೆಗಲ ಮೇಲೆ ಕೂತು ಅವಳ ಕಿವಿ ಹಿಡಿದೆಳೆದ. ಅವಳು ನಕ್ಕಳು. ರಮಿತಾ ಆ ನಗುವಿನ ಫೋಟೊ ತೆಗೆದು, ಮನೆಯವರು ಚಿಂತೆ ಮಾಡದಿರಲಿ ಎಂದು ತಾರಾನಾಥನಿಗೆ ಕಳಿಸಿದಳು. ಅವನು ಅದನ್ನು ಶಿವರಾಯನ ಫೋನಿಗೆ ದಾಟಿಸಿದ.

ಅದಾಗಿ ಎರಡು ದಿನಕ್ಕೆ ಕ್ಯಾರವಾನುಗಳು ನಿಲ್ಲುವ ಒಂದು ಪಾರ್ಕಿನ ಅಡುಗೆಮನೆಯಲ್ಲಿ ದಾನಮ್ಮ ಪಾತ್ರೆ ತೊಳೆಯುತ್ತಿದ್ದಳು. ಮಾನಸಿ ಒಂದೊಂದನ್ನೇ ಒರೆಸಿ ಇಡುತ್ತಿದ್ದಳು. ಕನ್ನಡ ಅರ್ಥವಾದರೂ ಅವಳು ಮಾತಾಡುತ್ತಿದ್ದುದು ಹಿಂದಿಯೇ.

"ದಾನಮ್ಮಾ, ತುಮ್ಹಾರೀ ಆಯೀ ಮರ್ ಗಯೀ ನಾ? ತುಮ್ ರೋಯೀ ಕ್ಯೂಂ ನಹೀ?"

ನಿನ್ನ ಅವ್ವ ಸತ್ತಳಲ್ಲ, ನೀನು ಅಳಲಿಲ್ಲ ಯಾಕೆ ಎಂದು ಮಗು ಕೇಳುತ್ತಿದೆ ಎನ್ನುವುದು ದಾನಮ್ಮನ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಯಾರು ಹೇಳಿದ್ದು ಎಂದು ಕೇಳಿದಳು. ಅಪ್ಪ ಅಮ್ಮ ಮಾತಾಡುತ್ತಿದ್ದರು, ಗಣಿ ಊರಿನಲ್ಲಿ, ರಾತ್ರಿ ನೀನು ಹೊರಗೆ ಹೋಗಿದ್ದಾಗ, ನಾನು ನಿದ್ದೆ ಮಾಡಿದ್ದೇನೆ ಅಂದುಕೊಂಡು, ಎಂದಳು ಮಾನಸಿ. ಅಷ್ಟು ಹೇಳುವಷ್ಟರಲ್ಲಿ ಹೇಳಬಾರದ್ದನ್ನು ಹೇಳಿದೆನೆಂದು ಅವಳಿಗೇ ಗೊತ್ತಾಗಿ ಮುಖ ಸಣ್ಣದಾಯಿತು.

ದಾನಮ್ಮ ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯಲ್ಲೇ ಕ್ಯಾರವಾನಿಗೆ ನಡೆದಳು. ಹೊರಗೆ ಮಡಚುಕುರ್ಚಿಗಳಲ್ಲಿ ಗಂಡ ಹೆಂಡತಿ ಚಹಾ ಕುಡಿಯುತ್ತಿದ್ದರು. ಅವಳ ಮುಖ ನೋಡಿಯೇ ರಮಿತಾ ಎದ್ದು ನಿಂತಳು.

"ನಮ್ಮವ್ವ ಹೋಗ್ಯಾಳಂತ. ಖರೆ ಏನ್ರಿ?"

"ಹೇಳ್ಬೇಕು ಅಂತಲೇ ಇದ್ದೆ ದಾನಮ್ಮ. ಹೇಗೆ ಹೇಳುದು ಅಂತ..." ರಮಿತಾ ಅವಳ ತೋಳು ಹಿಡಿಯಲು ಬಂದಳು. ದಾನಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

ವಿಶಾಲ್ ತಗ್ಗಿದ ದನಿಯಲ್ಲಿ, "ನೋಡು, ಅಲ್ಲಿಂದ ಆಗಲೇ ಬಿಟ್ಟಿದ್ರೂ ನಿನಗೆ ಮುಖ ಸಿಗ್ತಿರ್ಲಿಲ್ಲ. ಊರಿಗೆ ಗಾಡಿ ನಾನೇ ಕಳಿಸಿದ್ದು. ಎಲ್ಲ ಸರಿಯಾಗಿ ಆಗಿದೆ," ಎಂದ.

"ಸಿಗ್ತಿರಲಿಲ್ಲರಿ, ಅದು ಖರೆ ಅದ. ಅಳಾಕರ ಬಿಡಬೇಕಿತ್ತು." ಆಮೇಲೆ ಕೇಳಿದಳು, "ಮಣ್ಣು ಯಾವತ್ತ ಆತು?"

ವಿಶಾಲ್ ರಮಿತಾಳ ಕಡೆ ನೋಡಿದ. ರಮಿತಾ ನೆಲ ನೋಡುತ್ತ ಹೇಳಿದಳು, "ಮಾನಸಿ ಬರ್ತ್‌ಡೇ ದಿನ."

"ಶಿರಾ ತಿಂದೀನಲ್ರೀ ನಾನು," ಎಂದಳು ದಾನಮ್ಮ. ಒಳಗೆ ಹೋಗಿ ಮೇಜಿನ ಬದಿಯಲ್ಲಿ ಕೂತಳು. ತನುಷ್ ಬಂದು ಮಡಿಲು ಹತ್ತಿದ. ಅವನನ್ನು ಇಳಿಸುವ ಮನಸ್ಸಾಗಲಿಲ್ಲ, ಅಪ್ಪಿಕೊಳ್ಳುವ ಮನಸ್ಸೂ ಆಗಲಿಲ್ಲ. ಮಗು ಹೆದರೀತೆಂದು ಅವಳಿಗೆ ಬಾಯಿಬಿಟ್ಟು ಅಳಲೂ ಆಗಲಿಲ್ಲ. ಉಳಿದ ದಿನಗಳಲ್ಲಿ ಅಡುಗೆ ಮಾಡಿದಳು, ಮಕ್ಕಳಿಗೆ ಉಣ್ಣಿಸಿದಳು, ಕರೆದರೆ ಹೂಂ ಎಂದಳು. ವಿಶಾಲ್ ಮನೆಗೆ ಫೋನ್ ಹಚ್ಚಿಕೊಟ್ಟ. ಶಿವರಾಯ ಎತ್ತಲಿಲ್ಲ.

ಏಕೆ ಎತ್ತಲಿಲ್ಲವೆಂಬುದು ಕೋಪರಿಗೆ ಬಂದ ಮೇಲೆ ತಿಳಿಯಿತು. ಖೋಲಿಯ ಬಾಗಿಲಲ್ಲಿ ಅವಳನ್ನು ನೋಡಿ ಶಿವರಾಯ ಚೀಲ ಒಳಗಿಟ್ಟ, ಅಷ್ಟೆ.

"ಅವತ್ತೇ ಹೇಳ್ಯಾರಂತ ತಾರಾನಾಥ ಅಂದ," ಎಂದ. "ಇವತ್ತ ಮಾಡ್ತಾಳ, ನಾಳಿ ಮಾಡ್ತಾಳ ಅಂತ ಫೋನು ಕೈಯಾಗ ಹಿಡಕೊಂಡ ಕೂತಿದ್ದೆ. ಬಂದದ್ದು ನಿನ್ನ ನಗೋ ಫೋಟೊ. ಜಟ್ಟೆಪ್ಪ ನನ್ನ ಮಗ್ಗಲ್ದಾಗೇ ಇದ್ದ. ಅವನೂ ನೋಡಿದ."

ಜಟ್ಟೆಪ್ಪ ದಾನಮ್ಮನ ತಮ್ಮ, ಊರಿನಲ್ಲಿ ತಾಯಿಯೊಂದಿಗೆ ಇದ್ದವನು.

"ನನಗ ಗೊತ್ತಿರಲಿಲ್ಲ," ಎಂದಳು ದಾನಮ್ಮ. ಶಿವರಾಯ ನಂಬಿದ. ಆದರೆ ಆ ದಿನಗಳಲ್ಲಿ ಅವಳ ಮೇಲೆ ಇಟ್ಟುಕೊಂಡ ಸಿಟ್ಟು ಅವನಿಂದ ಒಮ್ಮೆಲೇ ಇಳಿಯಲಿಲ್ಲ. ಸುಗಲಾ ಮೂಲೆಯಲ್ಲಿ ಕೂತಿದ್ದಳು. ಅಜ್ಜಿ ತೀರಿದ ರಾತ್ರಿ, ಪಾಳಿಗೆ ಹೋದ ತಂದೆ ಬರುವವರೆಗೂ ಅಜ್ಜಿಯ ಪಕ್ಕದಲ್ಲಿ ಅವಳೊಬ್ಬಳೇ ಇದ್ದಳು. ತಾಯಿ ಹತ್ತಿರ ಕರೆದಾಗ ನಿಧಾನಕ್ಕೆ ಹೇಳಿದಳು, "ಅಜ್ಜಿ ನೀರು ಕೇಳ್ತು. ನಾ ಕೊಟ್ಟೆ. ಫಿರ್ ಸೋ ಗಯೀ. ನಾನೂ ಮಲಗಿದೆ." ಆಗ ದಾನಮ್ಮನಿಗೆ ಅಳು ಬಂತು. ಚಾಳಿನ ಹೆಂಗಸರು ಬಂದು ಬಾಗಿಲಲ್ಲಿ ನಿಂತರು.

ಅವಳು ರಮಿತಾಳಲ್ಲಿ ಒಂದೇ ಒಂದು ಕೇಳಿದಳು: ನನಗೆ ಗೊತ್ತಿರಲಿಲ್ಲ ಅಂತ ನನ್ನ ತಮ್ಮನಿಗೆ ನೀವೇ ಹೇಳಿ. ರಮಿತಾ ಇಲ್ಲವೆನ್ನಲಿಲ್ಲ. ವಿಶಾಲನಿಗೆ ತಿಳಿಸದೆ ಒಂದು ಮಧ್ಯಾಹ್ನ ಕೋಪರಿಗೆ ಬಂದಳು, ಚಾಪೆಯ ಮೇಲೆ ಕೂತು ಜಟ್ಟೆಪ್ಪನೊಂದಿಗೆ ಫೋನಿನಲ್ಲಿ ಮಾತಾಡಿದಳು. ತಪ್ಪು ನಮ್ಮದು, ನಾವು ಮುಚ್ಚಿಟ್ಟೆವು ಎಂದು ಸ್ಪಷ್ಟವಾಗಿಯೇ ಹೇಳಿದಳು. ಹೇಳುವಾಗ ಅವಳ ಕಣ್ಣಲ್ಲೂ ನೀರಿತ್ತು. ಆ ಕಡೆಯ ದನಿ ದಾನಮ್ಮನಿಗೂ ಕೇಳಿಸುತ್ತಿತ್ತು.

"ಅಷ್ಟ ದೂರದಿಂದ ಗಾಡಿ ಕಳಿಸೋ ಮಂದಿ ಒಂದ್ ಮಾತು ಹೇಳದ ಇರ್ತಾರೇನ್ರಿ? ಆಕಿ ಹಿಂಗ ಹೇಳ್ರಿ ಅಂದಿರಬೇಕು, ನೀವು ಹೇಳಾಕತ್ತೀರಿ. ಇರಲಿ ಬಿಡ್ರಿ."

ರಮಿತಾ ಫೋನನ್ನು ಕೆಳಗಿಟ್ಟಳು. ಏಳುವಾಗ, "ತನುಷ್ ಊಟ ಮಾಡ್ತಾ ಇಲ್ಲ ದಾನಮ್ಮ," ಎಂದಳು.

"ಎರಡು ದಿನ ಮಾಡಂಗಿಲ್ರಿ. ಆಮ್ಯಾಲ ಮಾಡ್ತಾನ."

ದಾನಮ್ಮ ಆ ಮನೆಗೆ ಮತ್ತೆ ಹೋಗಲಿಲ್ಲ. ವಾಗ್ಳೆ ಎಸ್ಟೇಟಿನ ಒಂದು ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವ ಕೆಲಸ ಹಿಡಿದಳು. ಅದಕ್ಕೆ ಮೊದಲು ಸುಗಲಾಳನ್ನು ಕರೆದುಕೊಂಡು ಊರಿಗೆ ಹೋಗಿಬಂದಳು. ನಾದಿನಿ, ಜಟ್ಟೆಪ್ಪನ ಹೆಂಡತಿ, ಕಾಲಿಗೆ ನೀರು ಕೊಟ್ಟಳು, ರೊಟ್ಟಿ ಬಡಿಸಿದಳು. ಜಟ್ಟೆಪ್ಪ ಅವಳು ಬರುವುದನ್ನು ತಿಳಿದು ಬೆಳಗ್ಗೆಯೇ ಹೊಲಕ್ಕೆ ಹೋಗಿದ್ದ. ಕತ್ತಲಾದರೂ ಮನೆಗೆ ಬರಲಿಲ್ಲ. ತಾಯಿಯನ್ನು ಇಟ್ಟ ಜಾಗವನ್ನು ಮರುದಿನ ನಾದಿನಿಯೇ ತೋರಿಸಿದಳು. ಮಣ್ಣು ಆಗಲೇ ಕೂತು ಗಟ್ಟಿಯಾಗಿತ್ತು. ದಾನಮ್ಮ ಕುಕ್ಕರಗಾಲಿನಲ್ಲಿ ಕೂತು, ಅಲ್ಲೊಂದು ಇಲ್ಲೊಂದು ಎದ್ದಿದ್ದ ಹುಲ್ಲನ್ನು ಕಿತ್ತಳು. ಸುಗಲಾ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಯಾವ ಬಸ್ಸಿಗೆ ವಾಪಸ್ ಹೋಗುವುದು ಎಂದು ಕೇಳಿದಳು.