ಪ್ರಣೀತಾಳ ಲಗ್ನಕ್ಕೆ ಬೇಕಾದ ಸೂಜಿ

೧

ಎಲ್ಲಿಂದ ಶುರು ಮಾಡಲಿ? ಕಾರಣದಿಂದ ಎನ್ನುತ್ತೀರಿ, ಗೊತ್ತು. ಏಳು ವರ್ಷದ ಹುಡುಗಿಗೆ ಆಟಿಸಂ ಇದೆ ಅಂದ ಕೂಡಲೇ 'ಅವಳಿಗೆ ಏನು ಇಷ್ಟ' ಅಂತ ಯಾರೂ ಕೇಳುವುದಿಲ್ಲ. 'ಯಾಕೆ ಹೀಗಾಯಿತು' ಅಂತಲೇ ಕೇಳುತ್ತಾರೆ. ಮೊದಲ ಕರಡಿನಲ್ಲಿ ನಾನೂ ಅದನ್ನೇ ಮಾಡಿದ್ದೆ: ಬಸುರಿ ನೀಲಿಮಾ ಗ್ರಹಣದ ಹೊತ್ತಲ್ಲಿ ಬದನೆಕಾಯಿ ಹೆಚ್ಚಿದ್ದು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡದ್ದು, ಕೂಸಿನ ಮುಂದೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಆಡಿದ್ದು. ಓದಿ ನೋಡಿದರೆ ಪೊಲೀಸರ ಆರೋಪಪಟ್ಟಿಯ ಹಾಗಿತ್ತು. ಹರಿದು ಹಾಕಿದೆ.

(ಸುಳ್ಳು. ಡಿಲೀಟ್ ಒತ್ತಿದೆ. ಹರಿದಿದ್ದರೆ ಸಿಟ್ಟಾದರೂ ಇಳಿಯುತ್ತಿತ್ತು.)

೨

ಸರಿ, ಹೀಗೆ. ಪುಣೆ, ಖರಾಡಿಯ ಫ್ಲ್ಯಾಟು, ಶನಿವಾರ ಬೆಳಿಗ್ಗೆ. ನೀಲಿಮಾಳ ನಾದಿನಿ ಪ್ರಣೀತಾಳನ್ನು ನೋಡಲು ಬೆಳಗಾವಿಯಿಂದ ರಾಧಾಬಾಯಿ ಮಗನನ್ನು ಕರೆದುಕೊಂಡು ಬಂದಿದ್ದಾರೆ. ಶಿರಾ, ಉಪ್ಪಿಟ್ಟು ಆಗಿದೆ. ನೀಲಿಮಾಳ ಮಗಳು ಕೇತಕಿಯನ್ನು ಒಳಗಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಲಾಗಿದೆ. (ಯಾರು ಹಾಕಿದರು? ನೀಲಿಮಾಳೇ. ಅದಕ್ಕೂ ಅವಳಿಗೆ ಸಿಟ್ಟಿದೆ.)

ಬಾಗಿಲಿಗೆ ಚಿಲಕ ಬಿದ್ದಿರಲಿಲ್ಲ. ಕೇತಕಿ ಹೊರಬಂದಳು. ಯಾರನ್ನೂ ನೋಡದೆ, ಟೈಲ್ಸ್ ತಣ್ಣಗಿರುವ ಕಡೆ ಕೆನ್ನೆ ಇಟ್ಟು ಮಲಗಿ ಗುಂಯ್ ಎನ್ನತೊಡಗಿದಳು.

"ಅಗಬಾಯಿ! ಇಕಿ ಯಾಕ ಹಿಂಗ?" ಎಂದರು ರಾಧಾಬಾಯಿ.

ಅತ್ತೆ ಭಾಮಾ ತಡಮಾಡಲಿಲ್ಲ. "ಹುಟ್ಟಿದಾಗ ಭಾಳ ಛೊಲೊ ಇದ್ಳ್ರಿ. ಸೂಜಿ ಹಾಕಿಸಿದ್ವಿ ನೋಡ್ರಿ, ಹಿಂಗಾದ್ಳು. ಅದಕ್ಕ ಈ ಸಣ್ಣಾವಗ ಹಾಕಿಸೇ ಇಲ್ಲ."

ಸಣ್ಣವನೆಂದರೆ ಸಾತ್ವಿಕ, ನೀಲಿಮಾಳ ತೊಡೆಯ ಮೇಲಿದ್ದಾನೆ. ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರದ ಲಸಿಕೆಗೆ ಮನೆಯಲ್ಲಿ ಮುಹೂರ್ತವೇ ಕೂಡಿ ಬಂದಿಲ್ಲ. "ಜವಳ ಆಗ್ಲಿ, ಆಮ್ಯಾಲ ನೋಡೂಣು" ಎನ್ನುತ್ತಾನೆ ಗಂಡ ಋಷಿಕೇಶ. ಕೂಸಿನ ತಲೆಗೂದಲು ತೆಗೆಯುವುದಕ್ಕೂ ತೋಳಿಗೆ ಸೂಜಿ ಚುಚ್ಚುವುದಕ್ಕೂ ಏನು ಸಂಬಂಧವೋ! ಈಚೆಗೆ ಪಕ್ಕದ ವಿಂಗಿನಲ್ಲಿ ಎರಡು ಮಕ್ಕಳಿಗೆ ದಡಾರ ಎದ್ದಿದೆ.

೩

ಇಲ್ಲಿ ಭಾಮಾರನ್ನು ಮೂಢ ಅತ್ತೆಯನ್ನಾಗಿ ಮಾಡುವ ಯೋಚನೆ ನನಗಿತ್ತು. ಅವರು ಪೆನ್ನಿಗೇ ಕೈ ಹಾಕಿದರು.

"ನನ್ನ ಅಡಾಣಿ ಮಾಡಿ ಬರದ್ರ ನಿಮಗ ಸಲೀಸ, ಅಲ್ರಿ? ನಾ ಬಿಎಸ್ಸಿ ಓದೀನಿ, ಕೆಮಿಸ್ಟ್ರಿ."

"ಹಾಗಾದರೆ ಲಸಿಕೆ ಕಾರಣ ಅಲ್ಲ ಅಂತ ನಿಮಗೆ ಗೊತ್ತು."

"ಗೊತ್ತದ."

"ಮತ್ತೆ?"

"ಸೂಜಿ ಅಂದ್ರ ಪ್ರಣೀತಾನ ಲಗ್ನ ಆಗ್ತದ. ರಕ್ತದಾಗ ಬಂದದ್ದು ಅಂದ್ರ ಯಾರು ಮಾಡ್ಕೋತಾರ?"

ಪೆನ್ನು ಕೆಳಗಿಟ್ಟೆ. ಭಾಮಾರ ಅಣ್ಣ ಅವಧೂತ ಅರವತ್ತು ದಾಟಿದವರು, ಇಂದಾಪುರದಲ್ಲಿದ್ದಾರೆ. ಮುಖ ನೋಡಿ ಮಾತಾಡುವುದಿಲ್ಲ, ಒಂದೇ ಬಣ್ಣದ ಅಂಗಿ ಬಿಟ್ಟು ಬೇರೆ ತೊಡುವುದಿಲ್ಲ, ಕುಕ್ಕರ್ ಕೂಗಿದರೆ ಅಂಗಳಕ್ಕೆ ಓಡುತ್ತಾರೆ. ಋಷಿಕೇಶನ ಮದುವೆಗೆ ಅವರನ್ನು ಕರೆತಂದಿರಲಿಲ್ಲ. ಅಂಥ ಮಾಮಾ ಒಬ್ಬರು ಇದ್ದಾರೆಂದು ನೀಲಿಮಾಳಿಗೆ ಗೊತ್ತಾದದ್ದು ಕೇತಕಿ ಹುಟ್ಟಿದ ಮೇಲೆ.

"ನಮ್ಮಣ್ಣನ ಹೆಸರು ಕಥಿಯೊಳಗ ತರಬ್ಯಾಡ್ರಿ," ಎಂದರು ಭಾಮಾ.

ತಂದುಬಿಟ್ಟೆ. ಏನು ಮಾಡಲಿ?

೪

'ಅಂದರೆ ವಂಶವಾಹಿಯೇ ಕಾರಣ ಅನ್ನಿ!' ಸಿಕ್ಕಿಬಿದ್ದಿತು ಎಂಬ ಸಂತೋಷ ನಿಮ್ಮ ಮುಖದಲ್ಲಿ. ಹೌದು, ಬಹುಪಾಲು ಅದೇ. ಒಂದಲ್ಲ, ನೂರಾರು ವಂಶವಾಹಿಗಳು. ಇನ್ನೂ ಗೊತ್ತಾಗದ್ದೂ ಇದೆ. ಲಸಿಕೆ ಅಲ್ಲ, ಅದನ್ನು ಲಕ್ಷಗಟ್ಟಲೆ ಮಕ್ಕಳಲ್ಲಿ ಹುಡುಕಿ ನೋಡಿಯಾಗಿದೆ. ಆದರೆ ವಂಶವಾಹಿ ಅಂದರೆ ಕಳಂಕ ಅಂತ ಯಾರು ಹೇಳಿದರು? ಭಾಮಾರ ಗಿಣಿಮೂಗು ಮನೆಮಂದಿಗೆಲ್ಲ ಹಂಚಿಹೋಗಿದೆ. ಅದನ್ನು ಯಾರೂ ಇಂದಾಪುರದಲ್ಲಿ ಬಚ್ಚಿಟ್ಟಿಲ್ಲ.

೫

ನೀಲಿಮಾಳಿಗೆ ಎರಡು ಪುಟದ ಭಾಷಣ ಬರೆದಿದ್ದೆ. ಓದಿ ನಕ್ಕಳು. "ಇಷ್ಟುದ್ದ ನಾ ಯಾವಾಗ ಮಾತಾಡೀನ್ರಿ ಈ ಮನ್ಯಾಗ?"

ನಿಜ. ಮದುವೆಯಾದಾಗಿನಿಂದ ಅವಳು ತಲೆ ಆಡಿಸಿದ್ದೇ ಹೆಚ್ಚು. ಈಗಲೂ ಆಡಿಸಬೇಕೆಂದು ಎಲ್ಲರೂ ಕಾಯುತ್ತಿದ್ದರು. ಆದರೆ 'ಸಣ್ಣಾವಗ ಹಾಕಿಸೇ ಇಲ್ಲ' ಎಂಬ ಅತ್ತೆಯ ಮಾತು ಅವಳ ಎದೆಯಲ್ಲಿ ಬೇರೆಯಾಗಿ ಇಳಿದಿತ್ತು: ಈ ಕೂಸು ದಡಾರದಲ್ಲಿ ಹೋದರೂ ಹೋಗಲಿ, ಅದರ ಹಾಗೆ ಆಗದಿದ್ದರೆ ಸಾಕು. 'ಅದು' ಅಂದರೆ ನೆಲದ ಮೇಲೆ ತಂಪಾಗಿ ಗುನುಗುತ್ತಿರುವ ಅವಳ ಮಗಳು. ಯಾವ ತಪ್ಪಿಗೆ? ಋಷಿಕೇಶನನ್ನು ನೋಡಿದಳು. ಅವನು ಫೋನು ನೋಡುತ್ತಿದ್ದ.

ನೀಲಿಮಾ ರಾಧಾಬಾಯಿಯ ಕಡೆ ತಿರುಗಿದಳು. "ನಮ್ಮ ಅವಧೂತ ಮಾಮಾನೂ ಹಿಂಗ ಇದಾರ್ರಿ. ಅವರು ಹುಟ್ಟಿದಾಗ ಈ ಸೂಜಿನ ಬಂದಿರಲಿಲ್ಲ."

ಉಪ್ಪಿಟ್ಟಿನ ಚಮಚಗಳು ನಿಂತವು. "ನೀಲಿಮಾ!" ಎಂದರು ಭಾಮಾ. ಅವಳು ಸಾತ್ವಿಕನನ್ನು ಎತ್ತಿಕೊಂಡಳು, ಕೇತಕಿಯ ಚಪ್ಪಲಿ ಹುಡುಕಿದಳು, ಆಟೋ ಹಿಡಿದಳು.

(ಕೇತಕಿಯನ್ನು ಸಂಕೇತವಾಗಿಸಲು ನಾನು ಬಹಳ ಪ್ರಯತ್ನಪಟ್ಟೆ. ಅವಳು ಆಟೋದ ಕಂಬಿ ನೆಕ್ಕುತ್ತಿದ್ದಳು. ಬಿಟ್ಟುಬಿಟ್ಟೆ.)

೬

ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ.

ಅ. ಹುಡುಗ ಆಧುನಿಕ, ಒಪ್ಪುತ್ತಾನೆ. (ನಿಮಗೆ ಸಕ್ಕರೆ ಕಾಯಿಲೆ ಇಲ್ಲವಷ್ಟೆ?)

ಆ. ಸಂಬಂಧ ಮುರಿಯುತ್ತದೆ. ಪ್ರಣೀತಾ ಅತ್ತಿಗೆಗೆ "ವೈನಿ, ನನ್ನ ಕೇಳಿದ್ಯಾ ನೀ?" ಅನ್ನುತ್ತಾಳೆ. ಅವಳು ಹೇಳುವುದೂ ಸುಳ್ಳಲ್ಲ.

ಇ. ರಾಧಾಬಾಯಿ ಮೆಲ್ಲಗೆ, "ನಮ್ಮ ಮನ್ಯಾಗೂ ಒಬ್ರು ಇದಾರ್ರಿ" ಅನ್ನುತ್ತಾರೆ. ಭಾಮಾ ಇದನ್ನು ಆರಿಸಿಕೊಂಡಿದ್ದಾರೆ. ನಾನು ಕೊಡಲಿಲ್ಲ.

ಈ. ಸಾತ್ವಿಕನಿಗೆ ಲಸಿಕೆ ಹಾಕಿಸುವುದಿಲ್ಲ.

ಇಲ್ಲ. ಈ ಒಂದು ಮುಕ್ತಾಯ ಯಾರ ಆಯ್ಕೆಗೂ ಇಲ್ಲ, ಹೊಡೆದು ಹಾಕಿದ್ದೇನೆ. ಹಾಕಿಸಿಯಾಯಿತು. ಅವನು ಕಿರುಚಿದ, ಕೇತಕಿ ಕಿವಿ ಮುಚ್ಚಿಕೊಂಡಳು, ನರ್ಸಮ್ಮ "ಝಾಲಂ, ಝಾಲಂ", ಆಯ್ತು ಆಯ್ತು, ಎಂದು ಹತ್ತಿ ಒತ್ತಿದಳು. ಆಮೇಲೆ ದೊಡ್ಡವಳ ಕಡೆ ನೋಡಿ, ಇವಳಿಗೆ ಎಲ್ಲ ಹಾಕಿಸಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದಳು.

"ಹೋ. ಸಗಳ್ಯಾ," ಎಂದಳು ನೀಲಿಮಾ. ಎಲ್ಲವನ್ನೂ. ದನಿ ಇಳಿಸದೆ.

ಮನೆಗೆ ಹೋದ ಮೇಲೆ ಏನಾಯಿತು? ಅವಳಿನ್ನೂ ಹೋಗಿಲ್ಲ. ಲಸಿಕೆ ಹಾಕಿದ ಮೇಲೆ ಅರ್ಧ ತಾಸು ದವಾಖಾನೆಯಲ್ಲೇ ಕೂರಿಸುತ್ತಾರೆ. ಋಷಿಕೇಶನ ಫೋನು ಬರುತ್ತಿದೆ, ನಿಲ್ಲುತ್ತಿದೆ, ಮತ್ತೆ ಬರುತ್ತಿದೆ. ನೀಲಿಮಾ ನನ್ನ ಕಡೆ ನೋಡಿದಳು: "ಏನೂ ಬರೀಬ್ಯಾಡ್ರಿ. ಸ್ವಲ್ಪ ಸುಮ್ನ ಕೂಡ್ರಿ."

ಕೂತಿದ್ದೇನೆ.