ನಾನು ಕೂತರೆ ಹೊರಡದ ಕಾರು

ನನ್ನ ತಮ್ಮನ ಕಾರಿಗೆ ವಯಸ್ಸಾಗಿದೆ. ಅದೇನೂ ತಪ್ಪಲ್ಲ, ನನಗೂ ಆಗಿದೆ. ಆದರೆ ನಾನು ಒಂದು ದಿನ ಒಂದೇ ಕೂಗಿಗೆ ಎದ್ದು, ಇನ್ನೊಂದು ದಿನ ಕಿವುಡಿಯ ಹಾಗೆ ಬಿದ್ದುಕೊಂಡು ಮನೆಮಂದಿಯ ಜೀವ ತಿಂದವಳಲ್ಲ. ಆ ಕಾರು ತಿನ್ನುತ್ತದೆ. ಕೀಲಿ ತಿರುಗಿಸಿದರೆ ಮುಂದಿನ ಪುಟ್ಟ ದೀಪಗಳೆಲ್ಲ ಬೆಳಗುತ್ತವೆ, ಹಾರ್ನ್ ಬೀದಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತದೆ, ಇಂಜಿನ್ ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಕೆಮ್ಮುವುದಿಲ್ಲ, ನರಳುವುದಿಲ್ಲ, ಒಂದು ‘ಟಕ್’ ಕೂಡ ಇಲ್ಲ. ಎಲ್ಲರೂ ಇಳಿದು, ಬೈದು, ಬೆವರು ಒರೆಸಿಕೊಂಡ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಶುರುವಾಗುತ್ತದೆ.

ತಮ್ಮನಿಗೆ ಕನ್ನಡಕದ ಅಂಗಡಿ. ಜನರ ಕಣ್ಣಿನ ದೋಷ ಕಂಡುಹಿಡಿಯುವವನಿಗೆ ತನ್ನ ಕಾರಿನ ದೋಷ ಮಾತ್ರ ಕಾಣಿಸಲಿಲ್ಲ. ಬಿಸಿಲು ಹೆಚ್ಚಾಯಿತು ಎಂದ. ಮೋಡ ಕವಿದ ದಿನವೂ ಕೈ ಕೊಟ್ಟಾಗ ತೇವ ಹೆಚ್ಚಾಯಿತು ಎಂದ. ಕೊನೆಗೆ ಪೆಟ್ರೋಲಿಗೆ ಏನೋ ಬೆರೆಸುತ್ತಾರೆ ಎಂದ. ಬೆರೆಸಿದ ಪೆಟ್ರೋಲು ಮನೆಯಿಂದ ಹೊರಡುವಾಗ ಕೆಟ್ಟದ್ದಾಗಿ, ಗ್ಯಾರೇಜಿಗೆ ಹೋಗುವಾಗ ಒಳ್ಳೆಯದಾಗುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ ಮುಖ ಊದಿಸಿಕೊಂಡ.

ಗ್ಯಾರೇಜಿನವನ ಹೆಸರು ಯಾರಿಗೂ ಗೊತ್ತಿಲ್ಲ. ಏನು ಕೇಳಿದರೂ ‘ನೋಡೋಣ’ ಎನ್ನುವುದರಿಂದ ನೋಡೋಣ ಮೇಸ್ತ್ರಿ ಎಂದೇ ಕರೆಯುತ್ತಾರೆ. ಅವನು ಬ್ಯಾಟರಿ ಬದಲಾಯಿಸಿದ. ವೈರುಗಳ ತುದಿಯನ್ನು ಉಜ್ಜಿ ಹೊಳೆಯುವಂತೆ ಮಾಡಿದ. ಸ್ಟಾರ್ಟರ್ ಮೋಟರನ್ನು ಬಿಚ್ಚಿ, ಒರೆಸಿ, ತಿರುಗಿ ಕೂರಿಸಿದ. ಅವನ ಅಂಗಳದಲ್ಲಿ ಕಾರು ಒಂದು ಸಲವೂ ಹಟ ಮಾಡಲಿಲ್ಲ. ತಮ್ಮ ದೂರು ಹೇಳುತ್ತಾ ನಿಂತಿದ್ದರೆ ಅದು ಅವನ ಪಕ್ಕದಲ್ಲೇ ಗುರ್ ಎಂದು ಹಾಡುತ್ತಿತ್ತು. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿ ಆಯುಸ್ಸು ಕಳೆದವಳು ನಾನು. ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಹೊರಳಾಡಿ, ಡಾಕ್ಟರ ಮುಂದೆ ನಗುತ್ತಾ ಕೂರುವ ರೋಗಿಗಳನ್ನು ಎಷ್ಟು ಕಂಡಿಲ್ಲ? ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಆಶ್ಚರ್ಯವಾಗಿದ್ದು ಆ ವಾರ ತಮ್ಮ ಮಾಡಿದ ಫೋನಿಗೆ.

ತಮ್ಮನ ಮಗಳಿಗೆ ಹೆರಿಗೆಯಾಗಿತ್ತು. ಅವಳಿರುವ ಊರು ಇಲ್ಲಿಂದ ಅರ್ಧ ದಿನದ ದಾರಿ. ಅವಳನ್ನು ಹಾಲುಗಲ್ಲದ ಕಾಲದಿಂದ ಎತ್ತಿ ಆಡಿಸಿದವಳು ನಾನು. ಅವಳಮ್ಮ ಕೆಲಸಕ್ಕೆ ಹೋದರೆ ಅವಳು ನನ್ನ ಸೊಂಟದ ಮೇಲೆ. ನನಗೆ ಮಕ್ಕಳಿಲ್ಲ, ಇರುವವಳು ಅವಳೊಬ್ಬಳೇ. ಭಾನುವಾರ ಎಲ್ಲರೂ ಮಗುವನ್ನು ನೋಡಲು ಹೋಗುವುದೆಂದು ಮಾತಾಗಿತ್ತು. ನಾನು ಮೆತ್ತನೆ ಬಟ್ಟೆ ಹುಡುಕಿ ಪುಟ್ಟ ಪುಟ್ಟ ಅಂಗಿ ಹೊಲಿದಿಟ್ಟಿದ್ದೆ.

“ಅಕ್ಕ, ಈ ಸಲ ನೀನು ಬಸ್ಸಲ್ಲಿ ಬಂದ್ಬಿಡ್ತೀಯಾ?” ಎಂದ ತಮ್ಮ.

“ನನ್ನ ಮಂಡಿ ನೋಡಿದ್ದೀಯಲ್ಲ? ಬಸ್ಸಿನ ಮೆಟ್ಟಿಲು ಹತ್ತೋ ಹಾಗಿದ್ರೆ ನಿನ್ನ ಡಬ್ಬ ಕಾರು ಯಾಕೆ ಬೇಕಿತ್ತು ನಂಗೆ?”

“ಹಾಗಾದ್ರೆ ಮುಂದಿನ ತಿಂಗಳು ನೋಡಿದ್ರಾಯ್ತು. ಮಗು ಎಲ್ಲಿ ಓಡಿ ಹೋಗತ್ತೆ?”

ನನ್ನ ತಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಲು ಹೊರಟರೆ ಗಂಟಲು ಸರಿಮಾಡಿಕೊಳ್ಳುತ್ತಾನೆ. ಅಂದು ಸರಿಮಾಡಿಕೊಂಡೇ ಕೂತ.

“ಇರೋ ವಿಷ್ಯ ಹೇಳು” ಎಂದೆ.

“ನೀನು ಕೂತ್ರೆ ಮಾತ್ರ ಸ್ಟಾರ್ಟ್ ಆಗಲ್ಲ, ಅಕ್ಕ. ನೀನು ಇಳಿದ್ರೆ ಆಗತ್ತೆ. ಇದು ನಾನು ಹೇಳ್ತಿರೋದಲ್ಲ, ಕಾರೇ ಹೇಳ್ತಿರೋದು.”

ಫೋನು ಕುಕ್ಕಿದೆ. ಮೊದಲು ಕೋಪ ಬಂತು. ಇದು ಅವನ ಹೆಂಡತಿ ಕಿವಿಯಲ್ಲಿ ಊದಿದ ಮಾತು ಎಂದು ಒಂದು ಗಳಿಗೆಯಲ್ಲಿ ತೀರ್ಪು ಕೊಟ್ಟೆ. ಪರದೆ, ಕಾರ್ಪೆಟ್ಟು ಮಾರುವ ಅಂಗಡಿಯಲ್ಲಿ ಅವಳಿಗೆ ಕೆಲಸ. ನನ್ನೆದುರು ಗಟ್ಟಿಯಾಗಿ ಉಸಿರೂ ಬಿಡದವಳು. ಅಂಥವರೇ ಬೆನ್ನ ಹಿಂದೆ ಮಾತಾಡುವುದು ಎಂದುಕೊಂಡೆ. ಆಮೇಲೆ ಕೋಪ ಇಳಿದು ಅದಕ್ಕಿಂತ ಕೆಟ್ಟದ್ದೊಂದು ಹತ್ತಿತು. ತಮ್ಮ ಹೇಳಿದ್ದು ನಿಜವಾಗಿತ್ತು. ಕಣ್ಣಿನ ಡಾಕ್ಟರ ಹತ್ತಿರ ಹೊರಟ ದಿನ, ಮದುವೆಯೊಂದಕ್ಕೆ ಹೊರಟ ದಿನ, ಬ್ಯಾಂಕಿಗೆ ಹೊರಟ ದಿನ, ನಾನು ಕೂತೆ, ಕಾರು ಸತ್ತಿತು. ಇಳಿದೆ, ಬದುಕಿತು.

ಪಕ್ಕದ ಮನೆಯ ಗುಮಾಸ್ತ ಮರುದಿನ ಬೆಳಿಗ್ಗೆ ಸ್ಕೂಟರು ಹೊರತೆಗೆಯುವಾಗ ನಾನು ಕಿಟಕಿಯಲ್ಲಿ ನಿಂತು ನೆಟ್ಟ ಕಣ್ಣಿನಿಂದ ನೋಡಿದೆ. ಒಂದೇ ಒದೆತಕ್ಕೆ ಶುರುವಾಯಿತು. ನನ್ನಿಂದಲೇ ಗಾಡಿಗಳು ಕೆಡುತ್ತವೆಯೋ ಎಂಬ ಅನುಮಾನ ಹೋಗಲಿಲ್ಲ. ಹೊರಗೆ ಹೋಗಿ ಸ್ಕೂಟರಿನ ಸೀಟಿನ ಮೇಲೆ ಕೈಯಿಟ್ಟು, “ಇನ್ನೊಂದ್ಸಲ ಆರಿಸಿ ಹಚ್ಚಪ್ಪ” ಎಂದೆ. ಪಾಪ, ಹಚ್ಚಿದ. ಮತ್ತೆ ಒಂದೇ ಒದೆತ. ಅವನು ಅಂದು ನನ್ನನ್ನು ನೋಡಿದ ಹಾಗೆಯೇ ಈಗಲೂ ನೋಡುತ್ತಾನೆ.

ಆ ಸ್ಕೂಟರು ನನ್ನ ತಲೆಯನ್ನು ಸರಿ ಮಾಡಿತು. ವಾರ್ಡಿನಲ್ಲಿ ನಮ್ಮ ಹಿರಿಯ ಸಿಸ್ಟರ್ ಹೊಸಬರಿಗೆ ಹೇಳುತ್ತಿದ್ದ ಮಾತು ನೆನಪಾಯಿತು. ಒಂದೇ ದಿನ ಎರಡು ಔಷಧ ಬದಲಾಯಿಸಿದರೆ ಜ್ವರ ಯಾವುದರಿಂದ ಇಳಿಯಿತೆಂದು ದೇವರಿಗೂ ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ನಾನು ಇಳಿದಾಗ ಕಾರಿನಲ್ಲಿ ಇನ್ನೇನು ಬದಲಾಗುತ್ತಿತ್ತು? ನನಗೆ ತಿಳಿದಿರಲಿಲ್ಲ. ಪ್ರತಿ ಸಲವೂ ನಾನು ಸಿಟ್ಟಿನಿಂದ ಬೆನ್ನು ತಿರುಗಿಸಿ ನಿಂತಿರುತ್ತಿದ್ದೆ.

ತಮ್ಮನಿಗೆ ಫೋನು ಮಾಡಿದೆ. “ಶನಿವಾರ ನೋಡೋಣ ಮೇಸ್ತ್ರಿನ ನಿಮ್ಮನೆಗೇ ಕರೆಸು. ಕಾರನ್ನ ಅವನ ಹತ್ರ ತಗೊಂಡು ಹೋಗ್ಬೇಡ. ನನ್ನ ಕರ್ಕೊಂಡು ಎಲ್ಲಿಗೋ ಹೊರಡೋ ದಿನ ಏನೇನು ಮಾಡ್ತೀರೋ ಅಷ್ಟೂ ಮಾಡಿ. ಒಂದೂ ಬಿಡ್ಬೇಡಿ.”

“ಎಲ್ಲಿಗೆ ಹೊರಡೋದು?”

“ಎಲ್ಲಿಗೂ ಇಲ್ಲ. ನಿನ್ನ ಕಾರಲ್ಲಿ ನಾವು ಸಾಮಾನ್ಯವಾಗಿ ಹೋಗೋದೂ ಅಲ್ಲಿಗೇ ತಾನೆ?”

ಶನಿವಾರ ಮಧ್ಯಾಹ್ನ ಎಲ್ಲರೂ ಸೇರಿದೆವು. ತಮ್ಮ ಮದುವೆಗೆ ಹೊರಟವನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಮೇಸ್ತ್ರಿ ಕೈಯಲ್ಲೊಂದು ಬಲ್ಬು ಕಟ್ಟಿದ ವೈರು ಹಿಡಿದು, ಕಾರನ್ನೂ ನನ್ನನ್ನೂ ಸಮನಾಗಿ ನೋಡುತ್ತಿದ್ದ. ತಮ್ಮನ ಹೆಂಡತಿ ಒಳಗಿನಿಂದ ಎರಡು ದಪ್ಪ ಕಾರ್ಪೆಟ್ ತುಂಡುಗಳನ್ನು ತಂದು, ಕಾರಿನಲ್ಲಿ ಮೊದಲೇ ಇದ್ದ ರಬ್ಬರ್ ಮ್ಯಾಟುಗಳ ಮೇಲೆ ಹಾಸಿದಳು. ಅಂಚಿಗೆ ಅಂದವಾಗಿ ಪಟ್ಟಿ ಹೊಲಿದಿತ್ತು. ನಾನು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ.

ತಮ್ಮ ಕೀಲಿ ತಿರುಗಿಸಿದ. ದೀಪಗಳು ಬೆಳಗಿದವು. ಸದ್ದಿಲ್ಲ.

ಎಲ್ಲರೂ ನನ್ನನ್ನು ನೋಡಿದರು. ಮೇಸ್ತ್ರಿ ಕೂಡ. ಸ್ಕೂಟರು ಕೊಟ್ಟ ಧೈರ್ಯವೆಲ್ಲ ಒಂದೇ ಗಳಿಗೆಯಲ್ಲಿ ಸೋರಿಹೋಯಿತು. ನಾಳೆ ಇವರೆಲ್ಲ ಮಗುವನ್ನು ಎತ್ತಿಕೊಂಡು ಆಡಿಸುವಾಗ ನಾನು ಇಲ್ಲಿ ಗೋಡೆ ನೋಡುತ್ತಾ ಕೂತಿರುತ್ತೇನೆ ಎಂದು ನೆನೆದೆ.

“ಅಕ್ಕ, ಒಂಚೂರು ಇಳೀತೀಯಾ?” ಎಂದ ತಮ್ಮ.

“ಇಳಿಯಲ್ಲ. ಪ್ರಾಣ ಹೋದ್ರೂ ಇಳಿಯಲ್ಲ.”

“ಹಾಗಾದ್ರೆ ನೋಡೋಣ” ಎನ್ನುತ್ತಾ ಮೇಸ್ತ್ರಿ ತಮ್ಮನ ಕಡೆಯ ಬಾಗಿಲು ತೆರೆದು, ಅವನನ್ನು ಇಳಿಸಿ, ಕರಿ ಎಣ್ಣೆ ಮೆತ್ತಿದ ಬೂಟನ್ನು ಒಳಗಿಡಲು ಎತ್ತಿದ.

“ಅಯ್ಯೋ, ಇರಿ ಇರಿ!” ತಮ್ಮನ ಹೆಂಡತಿ ಓಡಿ ಬಂದಳು. “ಮ್ಯಾಟ್ ತೆಗೆದ್ಬಿಡ್ತೀನಿ, ಗಲೀಜಾಗತ್ತೆ.”

“ಇದನ್ನ ಯಾವಾಗ್ಲೂ ತೆಗೀತೀಯಾ?” ಎಂದು ಕೇಳಿದೆ.

“ಕಾರು ನಿಂತಾಗೆಲ್ಲ ತೆಗೀತೀನಲ್ಲ, ಅತ್ತಿಗೆ. ತಳ್ಳೋಕೆ ಬರೋರು ಹತ್ತಿ ಇಳಿದು ಹಾಳು ಮಾಡ್ತಾರೆ.”

“ಗ್ಯಾರೇಜಿಗೆ ಹೋಗುವಾಗ?”

“ಅಲ್ಲಿಗೆ ಹಾಸಿ ಕಳಿಸ್ತೀನಾ? ಬರೀ ಗ್ರೀಸು ಅಲ್ಲಿ.”

“ಯಾರೂ ಅಲ್ಲಾಡ್ಬೇಡಿ” ಎಂದು ವಾರ್ಡಿನ ದನಿಯಲ್ಲಿ ಕೂಗಿದೆ. “ನಾನು ಇಲ್ಲೇ ಕೂತಿರ್ತೀನಿ. ಬರೀ ಮ್ಯಾಟ್ ತೆಗಿ. ತೆಗೆದ್ಯಾ? ಈಗ ನೀನು ಕೂತು ತಿರುಗಿಸೋ.”

ಕಾರು ಶುರುವಾಯಿತು.

ಆರಿಸಿ, ಮತ್ತೆ ಹಾಸಿಸಿದೆ. ಸತ್ತಿತು. ತೆಗೆಸಿದೆ. ಬದುಕಿತು. ತಮ್ಮ ತೆರೆದ ಬಾಯಿ ಮುಚ್ಚದೆ ಇಳಿದು ನಿಂತ. ಮೇಸ್ತ್ರಿ ಕಾಲೆರಡನ್ನೂ ಹೊರಗೆ ಚಾಚಿ ಪೆಡಲುಗಳ ಅಡಿಗೆ ತಲೆ ತೂರಿಸಿ, ಬಲ್ಬು ಹಚ್ಚಿ ನೋಡಿ, ಮೊದಲ ಬಾರಿಗೆ ‘ನೋಡೋಣ’ ಬಿಟ್ಟು ಬೇರೆ ಮಾತಾಡಿದ.

“ಕ್ಲಚ್ ಪೂರ್ತಿ ಒತ್ತಿದ್ರೆ ಮಾತ್ರ ಸ್ಟಾರ್ಟ್ ಆಗ್ಲಿ ಅಂತ ಇಲ್ಲೊಂದು ಸ್ವಿಚ್ ಇಟ್ಟಿರ್ತಾರೆ, ಅಮ್ಮ. ಗೇರಲ್ಲಿದ್ದಾಗ ಗಾಡಿ ನುಗ್ಗಬಾರ್ದಲ್ಲ, ಅದಕ್ಕೆ. ಇದು ಸವೆದುಹೋಗಿದೆ, ತಳ ಮುಟ್ಟೋ ತನಕ ಒತ್ತಬೇಕು. ಈ ಕಾರ್ಪೆಟ್ ಇದ್ರೆ ಪೆಡಲು ತಳ ಮುಟ್ಟಲ್ಲ. ನಾನು ಇದನ್ನ ಬಿಟ್ಟು ಎಲ್ಲಾನೂ ಬಿಚ್ಚಿದ್ದೆ.”

“ನಾನು ಕೂತಾಗ ಮಾತ್ರ ಯಾಕಮ್ಮ ಹಾಸ್ತಿದ್ದೆ ಇದನ್ನ?” ಎಂದು ತಮ್ಮನ ಹೆಂಡತಿಯನ್ನು ಕೇಳಿದೆ.

ಅವಳ ಮುಖ ಬಿಳಿಚಿಕೊಂಡಿತ್ತು. “ಈ ಕಾರಿನ ನೆಲದ ಮಣ್ಣಲ್ಲಿ ಮೂಲಂಗಿ ಬೆಳೀಬಹುದು ಅಂತ ನೀವೊಂದ್ಸಲ ಅಂದ್ರಿ. ನಂಗೆ ನಾಚಿಕೆ ಆಯ್ತು. ಅಂಗಡೀಲಿ ಒಳ್ಳೆ ತುಂಡು ಉಳಿದಿತ್ತು, ಎರಡು ಪದರ ಸೇರಿಸಿ ಹೊಲಿದೆ. ನೀವು ಹತ್ತೋ ಹೊತ್ತಿಗೆ ಹಾಸೋಕೇ ಅಂತ ಎತ್ತಿಡ್ತಿದ್ದೆ. ನಿಮ್ಮ ಕಡೆ ಒಂದೇ ಹಾಸಿದ್ರೆ ಚೆನ್ನಾಗಿರಲ್ಲ ಅಂತ ಅವರ ಕಡೆಗೂ...” ಅಳತೊಡಗಿದಳು.

ಕಿವಿ ಊದಿದವಳು ಎಂದು ನಾನು ತೀರ್ಪು ಕೊಟ್ಟಿದ್ದು ಇವಳಿಗೆ. ನನ್ನ ಮೇಲಿನ ಮರ್ಯಾದೆಗೆ ಇವಳು ಹೊಲಿದ ಹಾಸು ನನ್ನನ್ನೇ ಅಪಶಕುನ ಮಾಡಿ ಕೂರಿಸಿತ್ತು. ನಗು ಬಂತು, ಜೊತೆಗೇ ಕಣ್ಣಲ್ಲಿ ನೀರೂ ಬಂತು; ಎರಡನ್ನೂ ತಡೆಯಲಿಲ್ಲ. ಅವಳ ತಲೆ ಸವರಿ, “ಹೊಲಿಗೆ ಚೆನ್ನಾಗಿದೆ ಕಣೇ” ಎಂದೆ. ಮೇಸ್ತ್ರಿ ಬೇರೆ ಕಡೆ ತಿರುಗಿ ತನ್ನ ವೈರನ್ನು ಬಹಳ ಹೊತ್ತು ಸುತ್ತಿದ.

ತಮ್ಮ ಮಾತ್ರ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತಿದ್ದ. ‘ತಪ್ಪಾಯಿತು’ ಎನ್ನುವ ಪದಕ್ಕೆ ನಮ್ಮ ಮನೆತನದಲ್ಲಿ ಯಾರ ನಾಲಿಗೆಯೂ ಹೊರಳುವುದಿಲ್ಲ, ನನ್ನದೂ ಸೇರಿ. ಆದರೂ ಕಾದೆ. ಸಾಯಂಕಾಲ ಮನೆಗೆ ಬಂದ ಮೇಲೆ ಫೋನಿನ ಪಕ್ಕದಲ್ಲೇ ಕೂತೆ. ಅದು ಬಡಿಯಲಿಲ್ಲ. ಕಾರಿನ ರೋಗ ವಾಸಿಯಾಯಿತು, ನನ್ನ ತಮ್ಮನ ಮನಸ್ಸಿನಲ್ಲಿ ಏನಿದೆಯೋ ಯಾವ ಬಲ್ಬು ಹಚ್ಚಿ ನೋಡುವುದು?

ಭಾನುವಾರ ಬೆಳಿಗ್ಗೆ ಅವನು ಹೇಳಿದ ಹೊತ್ತಿಗಿಂತ ಮೊದಲೇ ಬಂದ. ಹೆಂಡತಿ ಹಿಂದಿನ ಸೀಟಿನಲ್ಲಿದ್ದಳು. ನನ್ನ ಗೇಟಿನ ಮುಂದೆ ಇಂಜಿನ್ ಆರಿಸಿ, ಇಳಿದು ಬಂದು, ಅಂಗಿಗಳ ಗಂಟನ್ನು ಎತ್ತಿಕೊಂಡ. ನಾನು ಮುಂದಿನ ಸೀಟಿನಲ್ಲಿ ಕೂತೆ. ಅವನು ತನ್ನ ಜಾಗದಲ್ಲಿ ಕೂತು, ಕ್ಲಚ್ಚನ್ನು ನೆಲಕ್ಕೆ ಒತ್ತಿ ಹಿಡಿದು, ಕೈಯೆರಡನ್ನೂ ತೊಡೆಯ ಮೇಲಿಟ್ಟುಕೊಂಡ.

“ಏನೋ ಆಯ್ತು ಈಗ?” ಎಂದೆ.

ಗಂಟಲು ಸರಿಮಾಡಿಕೊಳ್ಳಲಿಲ್ಲ. ನೇರ ಮುಂದೆ ನೋಡುತ್ತಲೇ ಹೇಳಿದ. “ಇವತ್ತು ನೀನೇ ಹಚ್ಚು, ಅಕ್ಕ.”

ಅವನ ಹೊಟ್ಟೆಯ ಮೇಲಿಂದ ಕೈ ಚಾಚಿ ಕೀಲಿ ಹಿಡಿದೆ. ತಿರುಗಿಸಿದೆ. ಇಂಜಿನ್ ಗುರ್ ಎಂದಿತು. ನನಗೆ ನಂಬಿಕೆಯಾಗಲಿಲ್ಲ, ತಿರುಗಿಸಿಯೇ ಹಿಡಿದೆ. ಒಳಗೆಲ್ಲೋ ಕರಕರ ಶಬ್ದ ಎದ್ದಿತು.

“ಬಿಡಕ್ಕ, ಶುರುವಾಗಿದೆ” ಎಂದ ತಮ್ಮ. ನಾನು ಬಿಡಲಿಲ್ಲ. ಅವನು ನನ್ನ ಬೆರಳುಗಳ ಮೇಲೆ ತನ್ನ ಕೈಯಿಟ್ಟು, ಇನ್ನೊಂದು ಸಲ ಮೆಲ್ಲಗೆ ಹೇಳಬೇಕಾಯಿತು.